ಕೋಶ ಕೃಷಿ ಮತ್ತು ರೋಗನಿರೋಧಕ ಕೋಶಗಳ ಮೇಲ್ಮೈ ಪ್ರತಿಜನಕಗಳು

ಮನುಷ್ಯನ ರೋಗನಿರೋಧಕ ಕೋಶಗಳ ಹೊರಪೊರೆಯಲ್ಲಿ ನೆಲೆನಿಂತಿರುವ, ಪ್ರತಿಕಾಯ ಅಂಟಿಸಿ ಗುರುತಿಸಬಹುದಾದ ಅಣುಗಳಿಗೆ ಮೇಲ್ಮೈ ಪ್ರತಿಜನಕಗಳೆಂದು ಹೆಸರು. ಟಿ ಕೋಶ, ಬಿ ಕೋಶ, ಎನ್‌ಕೆ ಕೋಶ, ಮಾನೊಸೈಟ್ ಎಂದು ಬಿಳಿ ರಕ್ತಕಣಗಳನ್ನು ವಿಂಗಡಿಸುವುದು ಬಹುಮಟ್ಟಿಗೆ ಈ ಅಣುಗಳನ್ನು ನೋಡಿಯೇ. ಸೂಕ್ಷ್ಮದರ್ಶಕದಲ್ಲಿ ಅವಳಿಗಳಂತೆ ಕಾಣುವ ಎರಡು ಲಿಂಫೊಸೈಟುಗಳಲ್ಲಿ ಒಂದು ಸಿಡಿ4 ಎಂಬ ಅಣು ಹೊತ್ತು, ಇನ್ನೊಂದು ಸಿಡಿ8 ಹೊತ್ತಿದ್ದರೆ ಅವುಗಳ ಕೆಲಸವೇ ಬೇರೆ. ಆದರೆ ಈ ಗುರುತುಗಳು ಹಚ್ಚೆ ಹಾಕಿದಂತೆ ಅಳಿಸಲಾಗದವಲ್ಲ. ಕೋಶ ದೇಹದಿಂದ ಹೊರಬಂದ ಗಳಿಗೆಯಿಂದ ಅದನ್ನು ಯಾವ ಕೊಳವೆಯಲ್ಲಿ ಇಟ್ಟರು, ಎಷ್ಟು ಹೊತ್ತು ಇಟ್ಟರು, ಏನು ಉಣಿಸಿದರು, ಎಷ್ಟು ಬಿಸಿಯಲ್ಲಿ ಬೆಳೆಸಿದರು ಎಂಬುದಕ್ಕೆ ತಕ್ಕಂತೆ ಕೆಲವು ಗುರುತುಗಳು ಮೂಡುತ್ತವೆ, ಕೆಲವು ಮಾಸುತ್ತವೆ. ಹೀಗಾಗಿ ಪ್ರಯೋಗಾಲಯದಲ್ಲಿ ಅಳೆದ ಯಾವುದೇ ಮೇಲ್ಮೈ ಪ್ರತಿಜನಕದ ಅಂಕಿ, ಕೋಶ ಮತ್ತು ಅದರ ಸಾಕಣೆ ಎರಡೂ ಸೇರಿ ಕೊಟ್ಟ ಉತ್ತರ. ಎಚ್‌ಐವಿ ರೋಗಿಯ ಸಿಡಿ4 ಎಣಿಕೆ, ತೀವ್ರ ನಿಗಾ ಘಟಕದ ಸೋಂಕು ಪರೀಕ್ಷೆ, ಕ್ಯಾನ್ಸರಿನ ಕೋಶ ಚಿಕಿತ್ಸೆ, ರೇಷ್ಮೆ ಕೆಲಸಗಾರರ ಅಲರ್ಜಿ ಪರೀಕ್ಷೆ ಇವೆಲ್ಲಕ್ಕೂ ಈ ತಿಳಿವು ಬುನಾದಿ.

ಕೃಷಿ ಎಂಬ ಪದ

ದೇಹದಿಂದ ಬೇರ್ಪಡಿಸಿದ ಕೋಶಗಳನ್ನು ಪೋಷಕ ದ್ರವದಲ್ಲಿ ಬದುಕಿಸಿ ಬೆಳೆಸುವ ವಿದ್ಯೆಯನ್ನು ಕನ್ನಡದಲ್ಲಿ ಕೋಶ ಕೃಷಿ, ಅಂಗಾಂಶ ಕೃಷಿ ಎನ್ನುತ್ತಾರೆ. ರೇಷ್ಮೆ ಕೃಷಿಯಲ್ಲಿರುವ ಕೃಷಿಯೂ ಇದೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೇಷ್ಮೆ ಬೆಳೆಗಾರರಿಗೆ ಈ ಲೇಖನದ ತಿರುಳು ಹೊಸದಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ, 2025ರಲ್ಲಿ ಸರ್ಕಾರ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿದ ಈ ಸೀಮೆಯ ಬದುಕಿನಲ್ಲಿ ಹಿಪ್ಪುನೇರಳೆ ಮತ್ತು ರೇಷ್ಮೆಹುಳು ಬೆರೆತುಹೋಗಿವೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದುದು. ಮಾಗಡಿ, ಕುಣಿಗಲ್ ಸುತ್ತಿನ ಹಳ್ಳಿಗಳು ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾಗಿವೆ.

ಹುಳುಮನೆಯೊಳಗೆ ಹೋಗಿ ನೋಡಿದರೆ ಸಾಕಣೆಯ ಪರಿಸ್ಥಿತಿ ಎಂದರೇನು ಎಂಬುದು ಕಣ್ಣಿಗೆ ಕಟ್ಟುತ್ತದೆ. ಚಾಕಿ ಹಂತದ ಎಳೆಹುಳುಗಳಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿ, 80ರಿಂದ 90% ತೇವ ಬೇಕು. ದೊಡ್ಡ ಹುಳುಗಳಿಗೆ 24–25 ಡಿಗ್ರಿ, 70–75% ತೇವ ಸಾಕು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಾರೆ. ಹುಳು ಜ್ವರಕ್ಕೆ ಕೂತಾಗ, ಎಂದರೆ ಪೊರೆ ಬಿಡಲು ತಲೆಯೆತ್ತಿ ನಿಂತಾಗ, ಸೊಪ್ಪು ನಿಲ್ಲಿಸಿ ಹಾಸಿಗೆಗೆ ಸುಣ್ಣದ ಪುಡಿ ಉದುರಿಸುತ್ತಾರೆ. ಒಂದೇ ಮೊಟ್ಟೆ ಹಾಳೆಯ ಹುಳುಗಳನ್ನು ಎರಡು ಮನೆಗೆ ಹಂಚಿದರೆ ಒಂದು ಮನೆಯಲ್ಲಿ ಗಟ್ಟಿ ಗೂಡು, ಇನ್ನೊಂದು ಮನೆಯಲ್ಲಿ ಸಪ್ಪೆ ರೋಗ ಬರುವುದುಂಟು. ತಳಿ ಒಂದೇ, ಸಾಕಿದ ರೀತಿ ಬೇರೆ. ಮನುಷ್ಯನ ಬಿಳಿ ರಕ್ತಕಣಗಳ ವಿಷಯದಲ್ಲೂ ನಡೆಯುವುದು ಇದೇ. ಆದರೆ ಅಲ್ಲಿ ಬದಲಾವಣೆ ಕಣ್ಣಿಗೆ ಕಾಣದು. ಅದನ್ನು ಕಾಣಲು ಪ್ರತಿಕಾಯ ಮತ್ತು ಲೇಸರ್ ಬೇಕು.

ಇತಿಹಾಸ

ಅಮೆರಿಕದ ರಾಸ್ ಹ್ಯಾರಿಸನ್ 1907ರಲ್ಲಿ ಕಪ್ಪೆಯ ನರ ಅಂಗಾಂಶವನ್ನು ದೇಹದ ಹೊರಗೆ ಬೆಳೆಸಿ ತೋರಿಸಿದ್ದು ಅಂಗಾಂಶ ಕೃಷಿಯ ಮೊದಲ ಮೈಲಿಗಲ್ಲು. ಬಿಳಿ ರಕ್ತಕಣಗಳ ಕೃಷಿಗೆ ದಾರಿ ತೆರೆದದ್ದು 1960. ಬೀನ್ಸ್ ಕಾಳಿನಿಂದ ಬರುವ ಪಿಎಚ್‌ಎ ಎಂಬ ಪದಾರ್ಥ ಲಿಂಫೊಸೈಟುಗಳನ್ನು ವಿಭಜನೆಗೆ ತೊಡಗಿಸುತ್ತದೆಂದು ಪೀಟರ್ ನೊವೆಲ್ ಆ ವರ್ಷ ಕಂಡುಕೊಂಡರು. ನಾರ್ವೆಯ ಆರ್ನೆ ಬೋಯುಮ್ 1968ರಲ್ಲಿ ಸಾಂದ್ರತೆಯ ವ್ಯತ್ಯಾಸವನ್ನು ಬಳಸಿ ರಕ್ತದಿಂದ ಲಿಂಫೊಸೈಟ್ ಮತ್ತು ಮಾನೊಸೈಟುಗಳನ್ನು ಬೇರ್ಪಡಿಸುವ ಸುಲಭ ವಿಧಾನ ಪ್ರಕಟಿಸಿದರು. ಫೈಕಾಲ್ ದ್ರವದ ಮೇಲೆ ರಕ್ತವನ್ನು ಮೆಲ್ಲನೆ ಸುರಿದು ತಿರುಗಿಸಿದಾಗ ನಡುವೆ ಮೋಡದಂತೆ ನಿಲ್ಲುವ ಬಿಳಿ ಪದರವನ್ನು ಇಂದಿಗೂ ಪ್ರಪಂಚದ ಎಷ್ಟೋ ಪ್ರಯೋಗಾಲಯಗಳಲ್ಲಿ ತೆಗೆಯುತ್ತಾರೆ. 1976ರಲ್ಲಿ ಟಿ ಕೋಶಗಳನ್ನು ಬಹುಕಾಲ ಬೆಳೆಸಬಲ್ಲ ಅಂಶ ಪತ್ತೆಯಾಯಿತು. ಅದೇ ಮುಂದೆ ಇಂಟರ್‌ಲ್ಯೂಕಿನ್-2 ಎನಿಸಿತು.

ಗುರುತಿಸುವ ಸಾಧನವೂ ಜೊತೆಜೊತೆಗೇ ಬೆಳೆಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಲಿಯೊನಾರ್ಡ್ ಹರ್ಜನ್‌ಬರ್ಗ್ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ, ಹೊಳೆಯುವ ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಎಣಿಸಿ ವಿಂಗಡಿಸುವ ಯಂತ್ರ ರೂಪಿಸಿದರು. 1975ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಒಂದೇ ಗುರಿಗೆ ಅಂಟುವ ಏಕತದ್ರೂಪಿ ಪ್ರತಿಕಾಯಗಳನ್ನು ತಯಾರಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಪ್ರತಿಯೊಂದು ಪ್ರಯೋಗಾಲಯ ತನ್ನದೇ ಹೆಸರಿಡತೊಡಗಿ ಗೊಂದಲವಾದಾಗ 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಕಾರ್ಯಾಗಾರ ಸಿಡಿ ಎಂಬ ಸಾಮಾನ್ಯ ಸಂಖ್ಯಾಕ್ರಮ ತಂದಿತು. ಈಗ ಅದರ ಸಂಖ್ಯೆ 370ನ್ನು ದಾಟಿದೆ.

ಮೇಲ್ಮೈ ಬದಲಾಗುವ ಬಗೆಗಳು

ಒಂದು ಪ್ರತಿಜನಕ ಹೆಚ್ಚಿತು ಅಥವಾ ಕಡಿಮೆಯಾಯಿತು ಎಂದು ಯಂತ್ರ ತೋರಿಸಿದಾಗ ಅದರ ಹಿಂದೆ ಐದು ಕಾರಣಗಳಲ್ಲಿ ಒಂದಿರಬಹುದು.

ಮೊದಲನೆಯದು ಹೊಸ ಉತ್ಪಾದನೆ. ಜೀನ್ ಚುರುಕಾಗಿ ಪ್ರೋಟೀನು ತಯಾರಾಗಿ ಮೇಲ್ಮೈಗೆ ಬರುತ್ತದೆ. ಇದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಎರಡನೆಯದು ಒಳಗಿನ ದಾಸ್ತಾನು ಹೊರಬರುವುದು. ನ್ಯೂಟ್ರೊಫಿಲ್ ಕಣಗಳು ಸಿಡಿ11ಬಿ ಅಣುವನ್ನು ಒಳಗಿನ ಚೀಲಗಳಲ್ಲಿ ಕೂಡಿಟ್ಟಿರುತ್ತವೆ, ಸಣ್ಣ ಕಿರುಕುಳಕ್ಕೂ ಅದನ್ನು ನಿಮಿಷಗಳಲ್ಲಿ ಹೊರಗೆ ತರುತ್ತವೆ. ಮೂರನೆಯದು ಒಳಸೇರುವಿಕೆ. ಪಿಎಂಎ ಎಂಬ ರಾಸಾಯನಿಕ ಕೊಟ್ಟರೆ ಟಿ ಕೋಶ ತನ್ನ ಸಿಡಿ4 ಅಣುಗಳನ್ನು ಒಳಗೆಳೆದುಕೊಳ್ಳುತ್ತದೆ. ಅಂಥ ಪ್ರಯೋಗದಲ್ಲಿ ಸಿಡಿ4 ಕೋಶಗಳೇ ಮಾಯವಾದಂತೆ ಕಾಣುವುದರಿಂದ, ಸಿಡಿ3 ಇದ್ದು ಸಿಡಿ8 ಇಲ್ಲದವನ್ನು ಸಿಡಿ4 ಕೋಶಗಳೆಂದು ಲೆಕ್ಕ ಹಿಡಿಯುವ ರೂಢಿ ಬೆಳೆದಿದೆ. ನಾಲ್ಕನೆಯದು ಕತ್ತರಿಸಿ ಉದುರಿಸುವುದು. ಎಡಿಎಎಂ17 ಎಂಬ ಕಿಣ್ವ ಟಿ ಕೋಶದ ಸಿಡಿ62ಎಲ್, ಎನ್‌ಕೆ ಕೋಶದ ಸಿಡಿ16 ಅಣುಗಳನ್ನು ಬುಡದಲ್ಲೇ ಕತ್ತರಿಸುತ್ತದೆ. ಐದನೆಯದು ಮರೆಯಾಗುವುದು. ಅಣು ಇದ್ದಲ್ಲೇ ಇರುತ್ತದೆ, ಆದರೆ ಅದರ ಆಕಾರ ಬದಲಾಗಿಯೋ ಇನ್ನೊಂದು ಅಣು ಅಡ್ಡಬಂದೋ ಪ್ರತಿಕಾಯಕ್ಕೆ ಅಂಟಲು ಜಾಗ ಸಿಗದು.

ಇವಲ್ಲದೆ, ಬದಲಾವಣೆಯಂತೆ ತೋರಿ ಬದಲಾವಣೆಯಲ್ಲದ್ದೂ ಒಂದಿದೆ. ಕೃಷಿಯಲ್ಲಿ ದುರ್ಬಲ ಕೋಶಗಳು ಸತ್ತು ಗಟ್ಟಿಯವು ಉಳಿದರೆ ಶೇಕಡಾವಾರು ಏರುತ್ತದೆ, ಆದರೆ ಒಂದೊಂದು ಕೋಶದ ಮೇಲ್ಮೈ ಹಾಗೇ ಇರುತ್ತದೆ. ರೋಗ ಬಿದ್ದ ಬೆಳೆಯಲ್ಲಿ ನರಪೇತಲ ಹುಳುಗಳು ಸತ್ತು ಉಳಿದವು ಮಾತ್ರ ಗೂಡು ಕಟ್ಟಿದಾಗ, ಗೂಡಿನ ಸರಾಸರಿ ತೂಕ ನೋಡಿ ಬೆಳೆ ಚೆನ್ನಾಗಿದೆ ಎಂದು ಯಾವ ರೈತನೂ ಹೇಳುವುದಿಲ್ಲ. ಪ್ರಯೋಗಾಲಯದಲ್ಲೂ ಒಟ್ಟು ಸಂಖ್ಯೆ ನೋಡದೆ ಶೇಕಡಾವಾರಿಗೆ ಬೆಲೆ ಕಟ್ಟಬಾರದು.

ಪ್ರಭಾವ ಬೀರುವ ಪರಿಸ್ಥಿತಿಗಳು

ಕೃಷಿಗೆ ಮುನ್ನ. ಬದಲಾವಣೆ ಶುರುವಾಗುವುದು ಪೋಷಕ ದ್ರವದಲ್ಲಲ್ಲ, ರಕ್ತ ತೆಗೆದ ಸೂಜಿಯಲ್ಲಿ. ರಕ್ತ ಹೆಪ್ಪುಗಟ್ಟದಂತೆ ಹಾಕುವ ಇಡಿಟಿಎ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಹೆಪರಿನ್ ಹಾಗೆ ಮಾಡುವುದಿಲ್ಲ. ಕ್ಯಾಲ್ಸಿಯಂ ಬೇಡುವ ಪರೀಕ್ಷೆಗಳಲ್ಲಿ ಈ ಆಯ್ಕೆಯೇ ನಿರ್ಣಾಯಕ. ತಣ್ಣಗೆ ಮಾಡಿ ಮತ್ತೆ ಬಿಸಿಮಾಡಿದ ನ್ಯೂಟ್ರೊಫಿಲ್‌ಗಳಲ್ಲಿ ಸಿಡಿ11ಬಿ ಏರಿ ಸಿಡಿ62ಎಲ್ ಇಳಿಯುತ್ತದೆ. ಒಂದು ರಾತ್ರಿ ಕಳೆದರೆ ಸಾಯುತ್ತಿರುವ ನ್ಯೂಟ್ರೊಫಿಲ್‌ಗಳು ಸಿಡಿ16 ಅಣುವನ್ನೂ ಕಳೆದುಕೊಳ್ಳುತ್ತವೆ.

ಪೋಷಕ ದ್ರವ. ಬಿಳಿ ರಕ್ತಕಣಗಳಿಗೆ ಅತಿ ಹೆಚ್ಚು ಬಳಕೆಯಲ್ಲಿರುವುದು ಆರ್‌ಪಿಎಂಐ 1640. 1960ರ ದಶಕದಲ್ಲಿ ಅಮೆರಿಕದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ರೂಪುಗೊಂಡ ಈ ದ್ರವದಲ್ಲಿ ಡೆಸಿಲೀಟರಿಗೆ 200 ಮಿಲಿಗ್ರಾಂ ಗ್ಲೂಕೋಸ್ ಇದೆ. ಆರೋಗ್ಯವಂತರ ಖಾಲಿಹೊಟ್ಟೆಯ ರಕ್ತದಲ್ಲಿ ಇರುವುದು 70ರಿಂದ 100. ಎಂದರೆ ಆರ್‌ಪಿಎಂಐಯಲ್ಲಿ ಬೆಳೆಯುವ ಕೋಶ ನಿಯಂತ್ರಣ ತಪ್ಪಿದ ಸಕ್ಕರೆ ಕಾಯಿಲೆಯವರ ರಕ್ತದಷ್ಟು ಸಿಹಿಯಲ್ಲಿ ಮುಳುಗಿರುತ್ತದೆ. ಕ್ಯಾಲ್ಸಿಯಂ ಮಾತ್ರ ಲೀಟರಿಗೆ 0.42 ಮಿಲಿಮೋಲ್, ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ. 2017ರಲ್ಲಿ ಮನುಷ್ಯನ ಪ್ಲಾಸ್ಮಾವನ್ನು ಹೋಲುವ ಎಚ್‌ಪಿಎಲ್‌ಎಂ ಎಂಬ ದ್ರವ ಬಂತು. ಅದರಲ್ಲಿ ಟಿ ಕೋಶಗಳು ಹೆಚ್ಚು ಚುರುಕಾಗಿ ಪ್ರಚೋದನೆಗೆ ಓಗೊಡುತ್ತವೆಂದೂ ಅದಕ್ಕೆ ಮುಖ್ಯ ಕಾರಣ ಹೆಚ್ಚಿನ ಕ್ಯಾಲ್ಸಿಯಂ ಎಂದೂ 2020ರ ಅಧ್ಯಯನ ತೋರಿಸಿತು.

ಸೀರಮ್. ಪೋಷಕ ದ್ರವಕ್ಕೆ ಸಾಮಾನ್ಯವಾಗಿ 10% ಕರು ಭ್ರೂಣದ ಸೀರಮ್ ಬೆರೆಸುತ್ತಾರೆ. ಅದು ಪ್ರಾಣಿಯಿಂದ ಬಂದದ್ದಾದ್ದರಿಂದ ಒಂದು ತಂಡದ ಬಾಟಲಿಯಂತೆ ಇನ್ನೊಂದು ಇರುವುದಿಲ್ಲ. ಮಾನೊಸೈಟಿನಿಂದ ಬೆಳೆಸಿದ ಡೆಂಡ್ರಿಟಿಕ್ ಕೋಶಗಳು ಕರು ಸೀರಮಿನಲ್ಲಿ ಸಿಡಿ1ಎ ಅಣುವನ್ನು ಧಾರಾಳವಾಗಿ ಮೂಡಿಸುತ್ತವೆ. ಮನುಷ್ಯರ ಸೀರಮಿನಲ್ಲಿ ಅದು ಅಡಗಿ ಸಿಡಿ1ಡಿ ಮೇಲೆ ಬರುತ್ತದೆ. ಸೀರಮಿನ ಕೊಬ್ಬಿನಂಶವೇ ಇದಕ್ಕೆ ಕಾರಣ. ಸೀರಮಿನಲ್ಲೋ ನೀರಿನಲ್ಲೋ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಲವಲೇಶ ಉಳಿದರೂ ಸಾಕು, ಮಾನೊಸೈಟ್ ಮತ್ತು ಡೆಂಡ್ರಿಟಿಕ್ ಕೋಶಗಳು ಸೋಂಕು ಬಂತೆಂದು ತಿಳಿದು ಸಿಡಿ80, ಸಿಡಿ86, ಸಿಡಿ40 ಅಣುಗಳನ್ನು ಏರಿಸುತ್ತವೆ.

ಸೈಟೊಕೈನ್‌ಗಳು. ಕೋಶಗಳು ಪರಸ್ಪರ ಕಳಿಸುವ ಈ ಸಂದೇಶ ಅಣುಗಳಷ್ಟು ಮೇಲ್ಮೈಯನ್ನು ತಿದ್ದುವ ಶಕ್ತಿ ಇನ್ನೊಂದಕ್ಕಿಲ್ಲ. ಇಂಟರ್‌ಲ್ಯೂಕಿನ್-4 ಬಿ ಕೋಶಗಳಲ್ಲಿ ಸಿಡಿ23 ಮೂಡಿಸುತ್ತದೆ, ಮಾನೊಸೈಟುಗಳಲ್ಲಿ ಸಿಡಿ14 ಅಳಿಸುತ್ತದೆ. ಇಂಟರ್‌ಲ್ಯೂಕಿನ್-10 ಮಾನೊಸೈಟುಗಳಲ್ಲಿ ಸಿಡಿ163, ಸಿಡಿ16 ಹೆಚ್ಚಿಸುತ್ತದೆ. ಇಂಟರ್‌ಲ್ಯೂಕಿನ್-2 ಅಥವಾ 15 ಕೊಟ್ಟ ಎನ್‌ಕೆ ಕೋಶಗಳಲ್ಲಿ, ವಿಶ್ರಾಂತಿಯಲ್ಲಿದ್ದಾಗ ಇಲ್ಲದ ಎನ್‌ಕೆಪಿ44 ಕಾಣಿಸಿಕೊಳ್ಳುತ್ತದೆ. ಟಿಜಿಎಫ್-ಬೀಟಾ ಅದೇ ಕೋಶಗಳ ಎನ್‌ಕೆಜಿ2ಡಿ ಅಣುವನ್ನು ತಗ್ಗಿಸಿ ಅವುಗಳ ಹಲ್ಲು ಕೀಳುತ್ತದೆ. ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಸೈಟೊಕೈನ್ ಅಲ್ಲದಿದ್ದರೂ ಮಾನೊಸೈಟುಗಳಲ್ಲಿ ಸಿಡಿ163 ಏರಿಸುತ್ತದೆ, ಡಿ ವಿಟಮಿನ್ ಸಿಡಿ14 ಏರಿಸುತ್ತದೆ.

ಪ್ರಚೋದನೆ ಮತ್ತು ಕಾಲ. ಟಿ ಕೋಶವನ್ನು ಸಿಡಿ3 ಮತ್ತು ಸಿಡಿ28 ಮೂಲಕ ಎಚ್ಚರಿಸಿದರೆ ಗುರುತುಗಳು ಸಾಲಾಗಿ ಬರುತ್ತವೆ. ಮೊದಲ ಕೆಲವು ಗಂಟೆಗಳಲ್ಲಿ ಸಿಡಿ69, ಒಂದು ದಿನದಲ್ಲಿ ಸಿಡಿ25, ಇನ್ನೂ ಕೆಲವು ದಿನಗಳಿಗೆ ಎಚ್‌ಎಲ್‌ಎ-ಡಿಆರ್. ಸಿಡಿ45ಆರ್‌ಎ ಮಾಸಿ ಸಿಡಿ45ಆರ್‌ಒ ಮೂಡುವುದು ನಿಧಾನ. ಬಿಡುವಿಲ್ಲದೆ ಪ್ರಚೋದಿಸಿದರೆ ಸಿಡಿ27, ಸಿಡಿ28 ಕಳಚಿಹೋಗಿ ಪಿಡಿ-1, ಟಿಐಎಂ-3, ಎಲ್‌ಎಜಿ-3 ಎಂಬ ಬಳಲಿಕೆಯ ಗುರುತುಗಳು ನೆಲೆಸುತ್ತವೆ. ನಾಲ್ಕನೇ ಗಂಟೆಯಲ್ಲಿ ನೋಡಿದವರು ಮತ್ತು ನಾಲ್ಕನೇ ದಿನ ನೋಡಿದವರು ಒಂದೇ ಕೋಶದ ಬಗ್ಗೆ ಎರಡು ಕತೆ ಹೇಳುತ್ತಾರೆ. ಎರಡೂ ನಿಜ.

ಆಮ್ಲಜನಕ. ಸಾಮಾನ್ಯ ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿ ಬಿಸಿ, 5% ಇಂಗಾಲದ ಡೈಆಕ್ಸೈಡ್ ಮತ್ತು ಸುಮಾರು 18–19% ಆಮ್ಲಜನಕ ಇರುತ್ತದೆ. ದೇಹದ ಬಹುಪಾಲು ಅಂಗಾಂಶಗಳಲ್ಲಿ ಇರುವುದು ಅದಕ್ಕಿಂತ ಬಹಳ ಕಡಿಮೆ. ಆಮ್ಲಜನಕ ತಗ್ಗಿದಾಗ ಎಚ್‌ಐಎಫ್-1 ಎಂಬ ನಿಯಂತ್ರಕ ಎಚ್ಚೆತ್ತು, ಮಾನೊಸೈಟಿನಿಂದ ರೂಪುಗೊಳ್ಳುವ ಮ್ಯಾಕ್ರೊಫೇಜ್‌ಗಳಲ್ಲಿ ಸಿಎಕ್ಸ್‌ಸಿಆರ್4, ಪಿಡಿ-ಎಲ್1 ಅಣುಗಳನ್ನು ಏರಿಸುತ್ತದೆ. ಗಡ್ಡೆಯೊಳಗಿನ ಕೋಶಗಳ ನಡವಳಿಕೆ ತಿಳಿಯಬೇಕೆಂದರೆ ಈ ಕೊರತೆಯನ್ನು ಪ್ರಯೋಗದಲ್ಲೂ ತರಬೇಕು.

ಪಾತ್ರೆ ಮತ್ತು ಕಿಣ್ವ. ಮಾನೊಸೈಟುಗಳು ಪ್ಲಾಸ್ಟಿಕ್ ತಟ್ಟೆಗೆ ಕಚ್ಚಿಕೊಳ್ಳುತ್ತವೆ. ಆ ಸ್ಪರ್ಶವೇ ಅವಕ್ಕೆ ಪ್ರಚೋದನೆ. ಹೀಗೆ ಅಂಟಿದ ಕೋಶಗಳನ್ನು ಬಿಡಿಸಲು ಬಳಸುವ ಕಿಣ್ವಗಳು ಮೇಲ್ಮೈಯನ್ನೇ ಹೆರೆದುಬಿಡಬಲ್ಲವು. ಟ್ರಿಪ್ಸಿನ್ ಅನೇಕ ಅಣುಗಳನ್ನು ಕಡಿಯುತ್ತದೆ. ಅಂಗಾಂಶ ಕರಗಿಸಲು ಬಳಸುವ ಡಿಸ್ಪೇಸ್ ಸಿಡಿ4, ಸಿಡಿ8 ಅಣುಗಳಿಗೆ ಕುತ್ತು ತರುತ್ತದೆ. ಮೃದುವೆಂದು ಹೆಸರಾದ ಅಕ್ಯುಟೇಸ್ ಕೂಡ ಮ್ಯಾಕ್ರೊಫೇಜಿನ ಸಿಡಿ163, ಸಿಡಿ206 ಅಣುಗಳನ್ನು ಕಡಿಮೆ ಮಾಡುತ್ತದೆಂದು ಕಂಡುಬಂದಿದೆ.

ಹೆಪ್ಪುಗಟ್ಟಿಸುವಿಕೆ. ಕೋಶಗಳನ್ನು 10% ಡಿಎಂಎಸ್‌ಒ ಬೆರೆಸಿ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸಿ ದ್ರವ ಸಾರಜನಕದಲ್ಲಿ ಇಡುತ್ತಾರೆ. ಸಿಡಿ3, ಸಿಡಿ4, ಸಿಡಿ8 ಈ ಪಯಣವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಸಿಡಿ62ಎಲ್ ತಾಳುವುದಿಲ್ಲ. ಕರಗಿಸಿದ ಮೇಲೆ 37 ಡಿಗ್ರಿಯಲ್ಲಿ ಒಂದು ರಾತ್ರಿ ವಿಶ್ರಾಂತಿ ಕೊಟ್ಟರೆ ಅದು ಒಂದಷ್ಟು ಮರಳುತ್ತದೆ.

ಒಂದು ಮಾನೊಸೈಟಿನ ಒಂದು ವಾರ

ಈ ಎಲ್ಲ ಪ್ರಭಾವಗಳು ಒಂದೆಡೆ ಕೂಡಿ ಕೆಲಸ ಮಾಡುವುದನ್ನು ಕಾಣಲು ಒಬ್ಬರ ರಕ್ತದ ಮಾನೊಸೈಟುಗಳನ್ನು ಹಿಂಬಾಲಿಸಿದರೆ ಸಾಕು. ರಕ್ತದಿಂದ ಬಂದಾಗ ಅವುಗಳಲ್ಲಿ ಬಹುಪಾಲು ಸಿಡಿ14 ಹೊತ್ತಿರುತ್ತವೆ. ಅವನ್ನು ಎರಡು ತಟ್ಟೆಗೆ ಹಂಚಿ ಬೇರೆ ಬೇರೆ ಸೈಟೊಕೈನ್ ಹಾಕೋಣ. ಮೊದಲ ತಟ್ಟೆಗೆ ಜಿಎಂ-ಸಿಎಸ್‌ಎಫ್ ಮತ್ತು ಇಂಟರ್‌ಲ್ಯೂಕಿನ್-4, ಎರಡನೆಯದಕ್ಕೆ ಎಂ-ಸಿಎಸ್‌ಎಫ್. ಬಿಸಿ, ದ್ರವ, ಸೀರಮ್ ಎಲ್ಲ ಒಂದೇ.

ಮೂರನೇ ದಿನದ ಹೊತ್ತಿಗೆ ಮೊದಲ ತಟ್ಟೆಯ ಕೋಶಗಳು ತಟ್ಟೆಯನ್ನು ಬಿಟ್ಟು ಗುಂಪುಗುಂಪಾಗಿ ತೇಲತೊಡಗುತ್ತವೆ. ಎರಡನೆಯದರಲ್ಲಿ ಅವು ತಳಕ್ಕೆ ಕಚ್ಚಿಕೊಂಡು ಅಗಲವಾಗಿ ಹರಡುತ್ತವೆ. ಆರನೇ ದಿನ ಪ್ರತಿಕಾಯ ಹಚ್ಚಿ ನೋಡಿದರೆ ಮೊದಲ ತಟ್ಟೆಯಲ್ಲಿ ಸಿಡಿ14 ಹೆಚ್ಚುಕಡಿಮೆ ಅಳಿದು ಸಿಡಿ1ಎ, ಸಿಡಿ209 ಮೂಡಿವೆ. ಅವು ಈಗ ಡೆಂಡ್ರಿಟಿಕ್ ಕೋಶಗಳು. ಎರಡನೇ ತಟ್ಟೆಯಲ್ಲಿ ಸಿಡಿ14 ಉಳಿದು ಸಿಡಿ163, ಸಿಡಿ206 ಸೇರಿವೆ. ಅವು ಮ್ಯಾಕ್ರೊಫೇಜ್‌ಗಳು. ಮೊದಲ ತಟ್ಟೆಗೆ ಎಂಡೊಟಾಕ್ಸಿನ್ ಹಾಕಿ ಇನ್ನೊಂದು ದಿನ ಬಿಟ್ಟರೆ ಸಿಡಿ83, ಸಿಡಿ86, ಸಿಸಿಆರ್7 ಏರುತ್ತವೆ. ಕೋಶ ಈಗ ದುಗ್ಧಗ್ರಂಥಿಗೆ ಹೊರಟು ಟಿ ಕೋಶಗಳಿಗೆ ಸುದ್ದಿ ಮುಟ್ಟಿಸಲು ಸಿದ್ಧ.

ಡೆಂಡ್ರಿಟಿಕ್ ಕೋಶಗಳನ್ನು ಮೊದಲು ಗುರುತಿಸಿದವರು ರಾಲ್ಫ್ ಸ್ಟೈನ್‌ಮನ್ ಮತ್ತು ಜ್ಯಾನ್ವಿಲ್ ಕೋನ್, 1973ರಲ್ಲಿ. ಮಾನೊಸೈಟಿನಿಂದ ಅವನ್ನು ಬೆಳೆಸುವ ವಿಧಾನವನ್ನು 1994ರಲ್ಲಿ ಕೊಟ್ಟವರು ಫೆಡೆರಿಕಾ ಸಲ್ಲುಸ್ಟೊ ಮತ್ತು ಆಂಟೊನಿಯೊ ಲಾಂಜಾವೆಕಿಯಾ. ಸ್ಟೈನ್‌ಮನ್‌ಗೆ 2011ರ ನೊಬೆಲ್ ಬಂತು. ಒಂದೇ ಮನುಷ್ಯನ ಒಂದೇ ಕೋಶ ಸಾಕಿದವರ ಕೈಯಲ್ಲಿ ಎರಡು ಜಾತಿಯಾಗುವ ಈ ಪ್ರಯೋಗ, ಗುರುತು ಎಂಬುದು ಹುಟ್ಟಿನಿಂದ ಬಂದಷ್ಟೇ ನೆಲೆಯಿಂದಲೂ ಬರುತ್ತದೆಂಬುದಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ.

ರೇಷ್ಮೆ ಮತ್ತು ರೋಗನಿರೋಧಕ ಕೋಶಗಳು

ರಾಮನಗರ ಸೀಮೆಗೂ ಈ ವಿಜ್ಞಾನಕ್ಕೂ ಹೋಲಿಕೆಯ ನಂಟು ಮಾತ್ರವಲ್ಲ, ವಸ್ತುವಿನ ನಂಟೂ ಇದೆ. ರೇಷ್ಮೆ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಒಳಗಿನ ಗಟ್ಟಿ ನೂಲು ಫೈಬ್ರೊಯಿನ್, ಅದನ್ನು ಸುತ್ತಿರುವ ಗೋಂದು ಸೆರಿಸಿನ್. ಎಳೆಯ ತೂಕದ ಸುಮಾರು 20ರಿಂದ 30% ಸೆರಿಸಿನ್. ಬಿಸಿನೀರಿನಲ್ಲಿ ಗೂಡು ಬೇಯಿಸುವುದೇ ಈ ಗೋಂದನ್ನು ಸಡಿಲಿಸಲು. ಗೋಂದು ತೆಗೆದ ಫೈಬ್ರೊಯಿನ್ನನ್ನು ಕೋಶಗಳು ನೆಲೆಸುವ ಹಾಸಾಗಿ, ಗಾಯ ಮುಚ್ಚುವ ಪೊರೆಯಾಗಿ ಬಳಸುವ ಸಂಶೋಧನೆ ಪ್ರಪಂಚದಾದ್ಯಂತ ನಡೆದಿದೆ. ಹಾಗೆ ಬಳಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಈ ಹಾಸಿನ ಮೇಲೆ ಮ್ಯಾಕ್ರೊಫೇಜ್ ಶಾಂತವಾಗಿರುತ್ತದೆಯೇ ಎಂಬುದು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಫೈಬ್ರೊಯಿನ್ ನೂಲು ಮ್ಯಾಕ್ರೊಫೇಜ್‌ಗಳನ್ನು ಅಷ್ಟಾಗಿ ಕೆರಳಿಸದೆಂದೂ, ಸೆರಿಸಿನ್ ತಾನೊಂದೇ ಇದ್ದಾಗ ಸುಮ್ಮನಿದ್ದು ಎಂಡೊಟಾಕ್ಸಿನ್ ಜೊತೆ ಸೇರಿದಾಗ ಉರಿಯೂತವನ್ನು ಹೆಚ್ಚಿಸುತ್ತದೆಂದೂ ತೋರಿಸಿತು. ಇನ್ನೊಂದೆಡೆ, ಶುದ್ಧೀಕರಿಸಿದ ಸೆರಿಸಿನ್ನನ್ನು ಕರು ಸೀರಮಿಗೆ ಬದಲಾಗಿ ಪೋಷಕ ದ್ರವಕ್ಕೆ ಸೇರಿಸುವ ಪ್ರಯತ್ನಗಳು ಜಪಾನಿನಲ್ಲಿ ಫಲ ಕೊಟ್ಟಿವೆ. ನಮ್ಮಲ್ಲಿ ಚರಂಡಿಗೆ ಹರಿಯುವ ಗೋಂದು ಕೋಶಗಳಿಗೆ ಅನ್ನವಾಗಬಲ್ಲದು ಎಂಬುದು ರೇಷ್ಮೆ ಸೀಮೆ ಗಮನಿಸಬೇಕಾದ ಸಂಗತಿ.

ಮತ್ತೊಂದು ನಂಟು ನೋವಿನದು. ನೂಲು ಬಿಚ್ಚಾಣಿಕೆಯ ಕೋಣೆಗಳಲ್ಲಿ ಹಬೆ, ಗೂಡಿನ ದೂಳು, ಪ್ಯೂಪಾದ ವಾಸನೆಯ ನಡುವೆ ದಿನವಿಡೀ ದುಡಿಯುವವರಲ್ಲಿ ಕೆಲವರಿಗೆ ಉಬ್ಬಸ ಅಂಟಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು ರೇಷ್ಮೆ ನೂಲು ತೆಗೆಯುವ ಘಟಕಗಳ ಕೆಲಸಗಾರರಲ್ಲಿ ಈ ಔದ್ಯೋಗಿಕ ಉಬ್ಬಸವನ್ನು ಪರಿಶೀಲಿಸಿ 1985ರಲ್ಲಿ ಪ್ರಕಟಿಸಿದರು. ರೇಷ್ಮೆಹುಳುವಿನ ಆರ್ಜಿನೈನ್ ಕೈನೇಸ್ ಎಂಬ ಪ್ರೋಟೀನು ಮುಖ್ಯ ಅಲರ್ಜಿಕಾರಕಗಳಲ್ಲಿ ಒಂದೆಂದು ಮುಂದೆ ತಿಳಿದುಬಂತು. ಅದು ಜಿರಳೆಯ ಅಂಥದೇ ಪ್ರೋಟೀನಿಗೆ ಹತ್ತಿರದ ಬಂಧು.

ಇಂಥ ಅಲರ್ಜಿಯನ್ನು ರೋಗಿಗೆ ಅಪಾಯವಿಲ್ಲದಂತೆ ಕೊಳವೆಯಲ್ಲೇ ಪತ್ತೆಹಚ್ಚುವ ದಾರಿಯೊಂದು, ಬೇಸೊಫಿಲ್ ಎಂಬ ಬಿಳಿ ರಕ್ತಕಣದ ಪರೀಕ್ಷೆ. ರಕ್ತಕ್ಕೆ ಶಂಕಿತ ಅಲರ್ಜಿಕಾರಕವನ್ನು ಹಾಕಿ 37 ಡಿಗ್ರಿಯಲ್ಲಿ ಹೆಚ್ಚೆಂದರೆ ಅರ್ಧ ಗಂಟೆ ಇಡುತ್ತಾರೆ. ಅಲರ್ಜಿ ಇದ್ದರೆ ಬೇಸೊಫಿಲ್ ಒಳಗಿನ ಕಣಗಳು ಒಡೆದು ಸಿಡಿ63 ಮೇಲ್ಮೈಗೆ ಬರುತ್ತದೆ, ಮೊದಲೇ ಇದ್ದ ಸಿಡಿ203ಸಿ ಹೆಚ್ಚುತ್ತದೆ. ಮೇಲೆ ಹೇಳಿದ ಎಲ್ಲ ಎಚ್ಚರಿಕೆಗಳೂ ಇಲ್ಲಿ ಒಟ್ಟಿಗೆ ಬರುತ್ತವೆ. ಪ್ರತಿಕ್ರಿಯೆಗೆ ಕ್ಯಾಲ್ಸಿಯಂ ಬೇಕಾದ್ದರಿಂದ ಹೆಪರಿನ್ ಕೊಳವೆ ಒಳ್ಳೆಯದು, ಇಡಿಟಿಎ ಬಳಸಿದರೆ ಕ್ಯಾಲ್ಸಿಯಂ ಮರಳಿ ಸೇರಿಸಬೇಕು. ಇಂಟರ್‌ಲ್ಯೂಕಿನ್-3 ಹಾಕಿದರೆ ಅಲರ್ಜಿಕಾರಕ ಇಲ್ಲದೆಯೂ ಸಿಡಿ203ಸಿ ಏರಬಹುದು. ರಕ್ತ ಹಳತಾದಷ್ಟೂ ಕೋಶ ಮಂದವಾಗುತ್ತದೆ. ಈ ಯಾವುದನ್ನು ಮರೆತರೂ ಅಲರ್ಜಿ ಇರುವ ಕೆಲಸಗಾರನಿಗೆ ಇಲ್ಲವೆಂಬ, ಇಲ್ಲದವನಿಗೆ ಇದೆಯೆಂಬ ಚೀಟಿ ಸಿಗಬಹುದು.

ಚಿಕಿತ್ಸೆಯಲ್ಲಿ ಮಹತ್ವ

ಸಿಡಿ4 ಎಣಿಕೆ. ಕರ್ನಾಟಕದ ಸಾಮಾನ್ಯ ಜನರ ಬದುಕಿಗೆ ಅತಿ ಹತ್ತಿರ ಬಂದ ಮೇಲ್ಮೈ ಪ್ರತಿಜನಕ ಸಿಡಿ4. ಭಾರತದಲ್ಲಿ ಎಚ್‌ಐವಿಗೆ ಉಚಿತ ಎಆರ್‌ಟಿ ಔಷಧ 2004ರ ಏಪ್ರಿಲ್ 1ರಂದು ಆರಂಭವಾದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಔಷಧ ಶುರುಮಾಡಬೇಕೆ ಬೇಡವೆ ಎಂಬ ತೀರ್ಮಾನ ಬಹುಮಟ್ಟಿಗೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಎಷ್ಟು ಸಿಡಿ4 ಕೋಶಗಳಿವೆ ಎಂಬುದರ ಮೇಲೆ ನಿಂತಿತ್ತು. ಮೊದಲು 200ರ ಗಡಿ, ಆಮೇಲೆ 350, 500. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ ಔಷಧ ಕೊಡುವ ನೀತಿ ಬಂದಿದೆ. ಆದರೂ ರೋಗ ಎಷ್ಟು ಮುಂದುವರಿದಿದೆ, ಯಾವ ಅವಕಾಶವಾದಿ ಸೋಂಕುಗಳಿಗೆ ತಡೆ ಔಷಧ ಬೇಕು ಎಂದು ತಿಳಿಯಲು ಸಿಡಿ4 ಎಣಿಕೆ ಇಂದಿಗೂ ಬೇಕು.

ಕನಕಪುರದ ಅಂಚಿನ ಹಳ್ಳಿಯವರ ರಕ್ತ ಬೇರೆ ಊರಿನ ಯಂತ್ರದವರೆಗೆ ಹೋಗಬೇಕಾದಾಗ ದಾರಿಯ ಬಿಸಿಲೂ ಪರೀಕ್ಷೆಯ ಭಾಗವೇ. ರಕ್ತ ಇಡಿಟಿಎ ಕೊಳವೆಯಲ್ಲಿರಬೇಕು, ಕೋಣೆಯ ಉಷ್ಣತೆಯಲ್ಲಿ ಸಾಗಬೇಕು, ಸಾಮಾನ್ಯವಾಗಿ 48 ಗಂಟೆಯೊಳಗೆ ಪ್ರತಿಕಾಯ ಹಚ್ಚಬೇಕು. ಲಸಿಕೆಯ ಅಭ್ಯಾಸದಿಂದ ಅದನ್ನು ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕುವುದು ತಪ್ಪು. ಸಿಡಿ4 ಎಣಿಕೆ ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು ಇರುವ ದಿನಚಕ್ರವೂ ಇದೆ. ಹಾಗಾಗಿ ಒಬ್ಬ ರೋಗಿಯ ರಕ್ತವನ್ನು ಪ್ರತಿ ಸಲವೂ ದಿನದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೆಗೆಯುವುದು ಒಳ್ಳೆಯದು.

ಮಾನೊಸೈಟಿನ ಎಚ್‌ಎಲ್‌ಎ-ಡಿಆರ್. ತೀವ್ರ ಸೋಂಕಿನಲ್ಲಿ ಮಾನೊಸೈಟುಗಳ ಎಚ್‌ಎಲ್‌ಎ-ಡಿಆರ್ ಕುಸಿದರೆ ರೋಗನಿರೋಧಕ ವ್ಯವಸ್ಥೆ ಸೋತಿದೆ ಎಂದರ್ಥ. ಇಲ್ಲಿ ನಿಯಮ ಸಿಡಿ4ಕ್ಕೆ ತದ್ವಿರುದ್ಧ. ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಈ ಅಣು ತಾನಾಗಿ ಏರುತ್ತ ಹೋಗುವುದರಿಂದ ರಕ್ತವನ್ನು ತಣ್ಣಗಿಟ್ಟು ಕೆಲವೇ ಗಂಟೆಗಳಲ್ಲಿ ಅಳೆಯಬೇಕು. ತಡವಾದರೆ ಸೋತ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ.

ಕಾರ್-ಟಿ ಚಿಕಿತ್ಸೆ. ಕೃಷಿಯ ಪರಿಸ್ಥಿತಿಯೇ ಔಷಧದ ಗುಣವಾಗುವುದು ಇಲ್ಲಿ. ರೋಗಿಯ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರ್ ಕೋಶದ ಸಿಡಿ19 ಅಣುವನ್ನು ಗುರುತಿಸುವ ಕೃತಕ ಗ್ರಾಹಕವನ್ನು ಅವುಗಳಿಗೆ ಕೂಡಿಸಿ, ಕೆಲವು ದಿನ ಬೆಳೆಸಿ, ಮರಳಿ ರೋಗಿಗೇ ಕೊಡುತ್ತಾರೆ. ಮುಂಬೈನ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಸಹಯೋಗದಲ್ಲಿ ಬೆಳೆದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಬಾರ್ಸಿಲೋನಾದ ಆಸ್ಪತ್ರೆಯೊಂದರಿಂದ ಪರವಾನಗಿ ಪಡೆದ ತಂತ್ರಜ್ಞಾನದಿಂದ ತಯಾರಿಸಿದ ಕಾರ್ಟೆಮಿಯನ್ನು 2025ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಬಹಳ ದಿನ, ಬಹಳ ಜೋರಾಗಿ ಬೆಳೆಸಿದ ಟಿ ಕೋಶಗಳು ಸಿಸಿಆರ್7, ಸಿಡಿ62ಎಲ್ ಕಳೆದುಕೊಂಡು ಬೇಗ ದಣಿಯುತ್ತವೆ. ಈ ಗುರುತುಗಳನ್ನು ಉಳಿಸಿಕೊಂಡ ಎಳೆಯ ಕೋಶಗಳು ರೋಗಿಯ ದೇಹದಲ್ಲಿ ಹೆಚ್ಚು ಕಾಲ ಬಾಳುತ್ತವೆ. ಅದಕ್ಕೇ ಇಂಟರ್‌ಲ್ಯೂಕಿನ್-2ರ ಬದಲು 7 ಮತ್ತು 15 ಬಳಸುವುದು, ಕೃಷಿಯ ದಿನಗಳನ್ನು ಕಡಿತಗೊಳಿಸುವುದು ಈಗಿನ ಒಲವು.

ಅಳತೆ ಮತ್ತು ವರದಿ

ಪ್ರತಿಜನಕ ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರ ಸಾಲದು. ಒಂದು ಕೋಶಕ್ಕೆ ಎಷ್ಟು ಪ್ರತಿಕಾಯ ಅಂಟಿತು ಎಂಬುದನ್ನು ಪ್ರಮಾಣೀಕೃತ ಮಣಿಗಳಿಗೆ ಹೋಲಿಸಿ ಹೇಳಬಹುದು. ಸತ್ತ ಕೋಶಗಳು ಎಲ್ಲ ಪ್ರತಿಕಾಯಗಳನ್ನೂ ಮೆತ್ತಿಕೊಳ್ಳುವುದರಿಂದ ಅವನ್ನು ಬೇರೆ ಬಣ್ಣದಿಂದ ಗುರುತಿಸಿ ಬಿಡಬೇಕು. ಪ್ರತಿಕಾಯ ಹಚ್ಚುವಾಗ ಅಣು ಒಳಸರಿಯದಂತೆ ಸಾಮಾನ್ಯವಾಗಿ 4 ಡಿಗ್ರಿಯಲ್ಲಿ ಕೆಲಸ ಮಾಡುತ್ತಾರೆ. ಸಿಸಿಆರ್7ನಂಥ ಕೆಲವು ಗ್ರಾಹಕಗಳಿಗೆ ಮಾತ್ರ 37 ಡಿಗ್ರಿಯಲ್ಲಿ ಹಚ್ಚಿದರೆ ಚೆನ್ನಾಗಿ ಕಾಣುತ್ತದೆ. ಕೃಷಿಗೆ ಹಾಕುವ ಮುನ್ನ ಅಂದರೆ ಶೂನ್ಯ ಗಂಟೆಯಲ್ಲಿ ಅಳೆದ ಅಂಕಿ, ಪ್ರಚೋದಕ ಹಾಕದೆ ಅಷ್ಟೇ ಕಾಲ ಬೆಳೆಸಿದ ಕೋಶಗಳ ಅಂಕಿ, ಈ ಎರಡಿಲ್ಲದೆ ಯಾವ ಏರಿಳಿತಕ್ಕೂ ಅರ್ಥವಿಲ್ಲ.

ಫಲಿತಾಂಶದ ಜೊತೆ ಏನೇನು ಬರೆಯಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳಿವೆ. ಫ್ಲೋ ಸೈಟೊಮೆಟ್ರಿಗೆ 2008ರ ಎಂಐಫ್ಲೋಸೈಟ್, ಟಿ ಕೋಶ ಪರೀಕ್ಷೆಗಳಿಗೆ 2009ರ ಎಂಐಎಟಿಎ. ದಾನಿಯ ವಯಸ್ಸು, ಕೊಳವೆ, ಕಳೆದ ಗಂಟೆಗಳು, ದ್ರವ, ಸೀರಮಿನ ತಂಡಸಂಖ್ಯೆ, ಸೈಟೊಕೈನಿನ ಪ್ರಮಾಣ, ಕೋಶಗಳ ದಟ್ಟಣೆ, ಬಿಡಿಸಿದ ಕಿಣ್ವ, ಪ್ರತಿಕಾಯದ ತದ್ರೂಪಿ ಹೆಸರು ಇವೆಲ್ಲ ಸಣ್ಣ ವಿವರಗಳಂತೆ ಕಾಣುತ್ತವೆ. ಆದರೆ ಬೇರೊಬ್ಬರು ಅದೇ ಪ್ರಯೋಗ ಮಾಡಿ ಅದೇ ಫಲ ಕಾಣಬೇಕಾದರೆ ಇವೇ ಆಧಾರ.

ಈ ಶಿಸ್ತು ದೊಡ್ಡ ಸಂಸ್ಥೆಗಳ ಇನ್‌ಕ್ಯುಬೇಟರಿನ ಮುಂದೆ ಶುರುವಾಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ತೆಗೆದ ಸಿಬ್ಬಂದಿ ಕೊಳವೆಯ ಚೀಟಿಯಲ್ಲಿ ಹೆಸರು, ತಾರೀಖಿನ ಜೊತೆ ಗಂಟೆಯನ್ನೂ ಬರೆದಾಗ ಶುರುವಾಗುತ್ತದೆ. ಆ ಗಂಟೆ ಬರೆದಿದ್ದರೆ ಮಾತ್ರ, ದೂರದ ಪ್ರಯೋಗಾಲಯದಲ್ಲಿ ಕಂಡ ಬದಲಾವಣೆ ರೋಗಿಯದೋ ದಾರಿಯದೋ ಎಂದು ಹೇಳಲು ಸಾಧ್ಯ.